ಎರಡು ಒಪ್ಪಂದಗಳ ನಡುವೆ
ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಸಲಹೆಗಾರನಿಗೆ 36 ತಿಂಗಳಲ್ಲಿ ಹೆಚ್ಚೆಂದರೆ 24 ತಿಂಗಳ ಕೆಲಸ. ಉಳಿದ ಕಾಲವನ್ನು ವಿನ್ಯಾಸಕಾರನು ಊರೂರು ಅಲೆಯುತ್ತ, ಬಾಡಿಗೆ ಕೋಣೆಗಳಲ್ಲಿ ಕುಳಿತು, ಲಾಂಛನವನ್ನೋ ಕರಪತ್ರವನ್ನೋ ಬಿಡಿಯಾಗಿ ರಚಿಸಿಕೊಟ್ಟು ಕಳೆಯಬೇಕಾಗುತ್ತದೆ. ಸಂಸ್ಥೆಗಾಗಿ ರಚಿಸಿದ್ದು ಒಪ್ಪಂದದಂತೆ ಸಂಸ್ಥೆಯ ಸ್ವತ್ತು. ಅಲೆದಾಟದಲ್ಲಿ ರಚಿಸಿದ್ದು ಯಾರದು?

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ನೌಕರನಲ್ಲದ ವಿನ್ಯಾಸಕಾರನೇ ಸಾಮಾನ್ಯವಾಗಿ ಮೊದಲ ಒಡೆಯ. (ಹಣ ಪಡೆದು ತೆಗೆದ ಛಾಯಾಚಿತ್ರ, ಬರೆದ ವರ್ಣಚಿತ್ರಗಳ ಮಾತು ಬೇರೆ; ಇದನ್ನು ಅನೇಕರು ಅರಿಯರು.) ಹಕ್ಕಿನ ವರ್ಗಾವಣೆ ಸಹಿಯುಳ್ಳ ಬರಹದಲ್ಲಿಯೇ ಆಗಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದೇ ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತವಷ್ಟೇ.

ಆದರೆ ಮುಂಗಡದ ಆತುರದಲ್ಲಿ, ‘ಜಗತ್ತಿನಾದ್ಯಂತ, ಶಾಶ್ವತವಾಗಿ’ ಎಂಬ ಸಾಲಿನ ಕೆಳಗೆ ಸಹಿ ಬಿದ್ದಮೇಲೆ ಈ ರಕ್ಷೆಗಳಾವುವೂ ಉಳಿಯವು.