ಮುಗಿಯದ ಆಟವನ್ನು ಮುಗಿಸಿದ ಬಾಲಕ

2024ರ ಜನವರಿಯಲ್ಲಿ ಬ್ರಿಟನ್‌ನ ಸುದ್ದಿವಾಹಿನಿಯೊಂದರ ನಿರೂಪಕಿ ಅಮೆರಿಕದ 13 ವರ್ಷದ ಬಾಲಕನೊಬ್ಬನ ಸುದ್ದಿಯನ್ನು ಪ್ರಸ್ತುತಪಡಿಸಿದರು. ಟೆಟ್ರಿಸ್ ಎಂಬ ಹಳೆಯ ವೀಡಿಯೊ ಆಟದ ಕೊನೆಯನ್ನು ಆತ ಮುಟ್ಟಿದ್ದ. ಸುದ್ದಿ ಮುಗಿದೊಡನೆ, ಒಬ್ಬ ತಾಯಿಯಾಗಿ ಹೇಳುತ್ತಿದ್ದೇನೆ ಎನ್ನುತ್ತಾ ಆಕೆ, ಪರದೆಯ ಮುಂದಿನಿಂದ ಎದ್ದು ಹೊರಗೆ ಹೋಗಿ ಸ್ವಲ್ಪ ಶುದ್ಧ ಗಾಳಿ ಸೇವಿಸು, ಟೆಟ್ರಿಸ್ ಗೆಲ್ಲುವುದು ಜೀವನದ ಗುರಿಯಲ್ಲ ಎಂದು ಬುದ್ಧಿವಾದ ಹೇಳಿದರು. ನಮ್ಮಲ್ಲಿ ಯಾವ ತಾಯಿ ತಾನೇ ಈ ಮಾತು ಹೇಳಿಲ್ಲ? ಅಧ್ಯಾಪಕನಾಗಿ ನಾನೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ಹುಡುಗ ಮಾಡಿದ್ದೇನೆಂದು ತಿಳಿದುಕೊಂಡ ಬಳಿಕ, ಕೇಳುವುದಕ್ಕಿಂತ ಮೊದಲೇ ಉಪದೇಶಿಸುವ ನಮ್ಮ ಅಭ್ಯಾಸದ ಬಗ್ಗೆ ನನಗೆ ನಾಚಿಕೆಯಾಯಿತು.

ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ, ಮಾಸ್ಕೋದಲ್ಲಿ. ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಇದರ ಜನಕ. ಅವರ ಮುಂದಿದ್ದ ಎಲೆಕ್ಟ್ರೋನಿಕಾ 60 ಯಂತ್ರದಲ್ಲಿ ಚಿತ್ರ ಬಿಡಿಸಲು ಸಾಧ್ಯವಿರಲಿಲ್ಲ. ಹಾಗಾಗಿ ಆವರಣ ಚಿಹ್ನೆಗಳನ್ನೇ ಜೋಡಿಸಿ ಅವರು ಚೌಕಗಳನ್ನು ಮಾಡಿದರು. ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಒಂದೊಂದಾಗಿ ಮೇಲಿನಿಂದ ಬೀಳುತ್ತವೆ. ಅವುಗಳನ್ನು ತಿರುಗಿಸಿ, ಸರಿಸಿ, ಎಡೆಯಿಲ್ಲದಂತೆ ಕೂರಿಸಬೇಕು. ಒಂದು ಸಾಲು ಪೂರ್ತಿಯಾದರೆ ಅದು ಮಾಯವಾಗುತ್ತದೆ. ಆಟದ ಹಕ್ಕು ಸರಕಾರದ ಕೈಯಲ್ಲಿದ್ದುದರಿಂದ 1996ರವರೆಗೆ ಪಜಿತ್ನೋವ್‌ಗೆ ರಾಯಧನ ದಕ್ಕಲಿಲ್ಲ. ಅದು ಬೇರೆಯೇ ಕಥೆ. 1990ರ ದಶಕದಲ್ಲಿ ಗಲ್ಫ್‌ನಿಂದ ರಜೆಯಲ್ಲಿ ಬಂದವರ ಪೆಟ್ಟಿಗೆಯಲ್ಲಿ ಮಕ್ಕಳಿಗೆಂದು ‘ಬ್ರಿಕ್ ಗೇಮ್’ ಎಂಬ ಅಂಗೈಯಗಲದ ಆಟಿಕೆ ಬರುತ್ತಿತ್ತಲ್ಲ, ಅದು ಇದರದ್ದೇ ನಕಲು.

ಈ ಆಟಕ್ಕೊಂದು ವಿಚಿತ್ರ ಗುಣವಿದೆ. ಇದರಲ್ಲಿ ಗೆಲುವೆಂಬುದಿಲ್ಲ. ವೇಗ ಹೆಚ್ಚುತ್ತಾ ಹೋಗುತ್ತದೆ, ಆಡುವವನು ಒಂದಲ್ಲ ಒಂದು ಹೊತ್ತಿಗೆ ಸೋಲುತ್ತಾನೆ, ಅಷ್ಟೇ. 1989ರಲ್ಲಿ ನಿಂಟೆಂಡೊ ಕಂಪೆನಿ ತನ್ನ ಟಿ.ವಿ. ಕನ್ಸೋಲಿಗೆ ತಂದ ಟೆಟ್ರಿಸ್‌ನಲ್ಲಿ 29ನೇ ಹಂತ ತಲುಪಿದರೆ, ತುಂಡೊಂದು ಮೇಲಿನಿಂದ ತಳ ಸೇರಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಗುಂಡಿ ಒತ್ತಿ ಹಿಡಿದರೆ ಅಂಚಿಗೆ ಸರಿಯುವ ಮೊದಲೇ ಅದು ಕೆಳಗೆ ಬಿದ್ದಿರುತ್ತದೆ. ಆದ್ದರಿಂದ ಮನುಷ್ಯರಿಗೆ ಅದೇ ಕೊನೆಯೆಂದು ಆಟಗಾರರು ವರ್ಷಗಟ್ಟಲೆ ನಂಬಿದ್ದರು.

ಆ ನಂಬಿಕೆಯನ್ನು ಸುಳ್ಳಾಗಿಸಿದ್ದು ಹೊಸ ಯಂತ್ರವಲ್ಲ, ಬೆರಳುಗಳು. ಕೆಲವರು ಗುಂಡಿಯನ್ನು ಒತ್ತಿ ಹಿಡಿಯುವ ಬದಲು ಅತಿವೇಗವಾಗಿ ಬಡಿಯುವುದನ್ನು ರೂಢಿಸಿಕೊಂಡು 29ನ್ನು ದಾಟಿದರು. ಆಮೇಲೆ ಇನ್ನೊಂದು ಉಪಾಯ ಬಂತು. ಒಂದು ಕೈಯ ಬೆರಳನ್ನು ಗುಂಡಿಯ ಮೇಲೆ ಊರಿ, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರ್‌ನ ಬೆನ್ನಿಗೆ ಒಂದರ ಹಿಂದೊಂದು ತಟ್ಟುವುದು. ದಫ್ ಬಾರಿಸುವವರ ಬೆರಳೋಟ ನೋಡಿದವರಿಗೆ ಇದನ್ನು ಊಹಿಸಲು ಕಷ್ಟವಿಲ್ಲ. ಮೂವತ್ತು ವರ್ಷ ದಾಟಿದ ಆಟಕ್ಕೆ ಹೊಸ ತಂತ್ರ ಕಂಡುಹಿಡಿದವರಲ್ಲಿ ಹೆಚ್ಚಿನವರು ಆ ಆಟ ಬಂದಾಗ ಹುಟ್ಟಿಯೂ ಇರಲಿಲ್ಲ!

ಓಕ್ಲಹೋಮಾ ರಾಜ್ಯದ ನಮ್ಮ ಬಾಲಕ ಆಡಲು ಕಲಿತದ್ದು 11ನೇ ವಯಸ್ಸಿನಲ್ಲಿ. 2023ರ ಡಿಸೆಂಬರ್ 21ರಂದು ಸುಮಾರು 38 ನಿಮಿಷ ಒಂದೇ ಸಮನೆ ಆಡಿ 157ನೇ ಹಂತ ತಲುಪಿದ. 138ರ ನಂತರ ಯಂತ್ರ ಬಣ್ಣಗಳನ್ನು ಎಲ್ಲಿಂದಲೋ ತಪ್ಪಾಗಿ ಎತ್ತಿಕೊಳ್ಳುತ್ತದೆ. ಕೆಲವು ಹಂತಗಳಲ್ಲಿ ಕಪ್ಪು ಪರದೆಯ ಮೇಲೆ ತುಂಡುಗಳೇ ಸರಿಯಾಗಿ ಕಾಣಿಸುವುದಿಲ್ಲ. ಹಂತ ಏರಿದಂತೆ ಅಂಕ ಕೂಡಿಸುವ ಲೆಕ್ಕವೂ ಉದ್ದವಾಗುತ್ತದೆ. ಸೆಕೆಂಡಿನ ಅರುವತ್ತನೇ ಒಂದು ಭಾಗದೊಳಗೆ ಮುಗಿಯಬೇಕಾದ ಆ ಲೆಕ್ಕ ಮುಗಿಯದೆ, ಆತ ಒಂದು ಸಾಲನ್ನು ಅಳಿಸಿದ ಕ್ಷಣದಲ್ಲಿ ಆಟ ಸ್ತಬ್ಧವಾಯಿತು. ಕಂಪ್ಯೂಟರ್ ಪ್ರೋಗ್ರಾಮ್ ಒಂದು ಇಂತಹ ಅಂತ್ಯ ಸಾಧ್ಯವೆಂದು ಮೊದಲೇ ತೋರಿಸಿತ್ತು. ಮನುಷ್ಯರ ಪೈಕಿ ಅಲ್ಲಿಗೆ ತಲುಪಿದ ಮೊದಲಿಗ ಇವನೇ. ಅಲ್ಲಿಯವರೆಗೆ ಯಂತ್ರದೆದುರು ಎಲ್ಲರೂ ಸೋತಿದ್ದರು, ಅಂದು ಯಂತ್ರ ಸೋತಿತು.

ವಾರಕ್ಕೆ ಸುಮಾರು 20 ಗಂಟೆ ಆತ ಆಡುತ್ತಿದ್ದನಂತೆ. ಅದು ಹೆಚ್ಚೇ ಆಯಿತು ಎಂಬುದು ನನ್ನ ಅಭಿಪ್ರಾಯ. ಮೊಬೈಲಿನಲ್ಲಿ ಮುಳುಗಿರುವ ನಮ್ಮ ಮಕ್ಕಳಿಗೆ ಇದನ್ನು ಪ್ರಮಾಣಪತ್ರವಾಗಿ ಕೊಡುವ ಇರಾದೆ ನನಗಿಲ್ಲ. ಆದರೆ ಬೆರಳು ತೋಚಿದತ್ತ ಓಡಿಸುತ್ತಾ ಗಂಟೆಗಟ್ಟಲೆ ಕಳೆಯುವುದೂ, ಅಸಾಧ್ಯವೆಂದು ಎಲ್ಲರೂ ಕೈಬಿಟ್ಟ ಕೆಲಸಕ್ಕೆ ಎರಡು ವರ್ಷ ಪಟ್ಟು ಹಿಡಿದು ಕೂರುವುದೂ ಒಂದೇ ಎಂದು ಹೇಗೆ ಹೇಳಲಿ?

ಆ ಡಿಸೆಂಬರ್‌ನಲ್ಲೇ ಬಾಲಕನ ತಂದೆ ತೀರಿಕೊಂಡಿದ್ದರು. ತನ್ನ ಸಾಧನೆಯನ್ನು ಆತ ತಂದೆಗೆ ಅರ್ಪಿಸಿದ. ತಾಯಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮಗ ಕೇಳಿದಾಗ ಗಿರವಿ ಅಂಗಡಿಯಿಂದ ಹಳೆಯ ಮಾದರಿಯ ಕನ್ಸೋಲ್ ಮತ್ತು ಪೆಟ್ಟಿಗೆಯಂತಹ ಹಳೆಯ ಟಿ.ವಿ. ಕೊಂಡು ತಂದವರು ಅವರೇ. ಈಗಿನ ತೆಳ್ಳಗಿನ ಟಿ.ವಿ.ಗಳಲ್ಲಿ ಗುಂಡಿ ಒತ್ತಿದ್ದು ಪರದೆಗೆ ಬರುವಾಗ ತುಸು ತಡವಾಗುತ್ತದೆ, ಈ ಆಟಕ್ಕೆ ಅಷ್ಟು ತಡವೂ ಹೆಚ್ಚೇ. ಸ್ವಲ್ಪ ಹೊತ್ತು ಆಡಿಕೋ ಎಂದು ಒಪ್ಪಿಗೆ ಕೊಡುವುದಕ್ಕಿಂತ ಆ ಹಳೆಯ ಟಿ.ವಿ. ಹುಡುಕುವುದೇ ಹೆಚ್ಚು ಕಷ್ಟವಾಯಿತೆಂದು ಆ ತಾಯಿ ಪತ್ರಕರ್ತರಿಗೆ ಹೇಳಿದರು.