ಬರಿಗೈಯ ಬಿಡುಗಡೆ: ಅಮೆರಿಕದ ಪುನರ್ನಿರ್ಮಾಣ ಮತ್ತು ಸಂಧಾನದ ದೈವಶಾಸ್ತ್ರ

ದಾಸ್ಯದಿಂದ ಬಿಡುಗಡೆ ಹೊಂದುವವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ವಿಧಿಸುತ್ತದೆ. ಒಡೆಯನು ತನ್ನ ಹಿಂಡಿನಿಂದಲೂ ಕಣದಿಂದಲೂ ಅವನಿಗೆ ಧಾರಾಳವಾಗಿ ಕೊಡಬೇಕು. ಏಕೆಂದರೆ ಇಸ್ರಯೇಲರೂ ಈಜಿಪ್ಟಿನಲ್ಲಿ ದಾಸರಾಗಿದ್ದವರೇ. ಅಂತರ್ಯುದ್ಧಾನಂತರದ ಅಮೆರಿಕದಲ್ಲಿ, 1865ರಿಂದ 1877ರವರೆಗೆ, ರಾಷ್ಟ್ರದ ಪುನರ್ನಿರ್ಮಾಣಕ್ಕಾಗಿ ನಡೆದ ರಾಜಕೀಯ ಹೋರಾಟವನ್ನು ಈ ವಿಧಿಯ ಬೆಳಕಿನಲ್ಲಿ ಪರಿಶೀಲಿಸೋಣ.

1865ರ ಜನವರಿ 12ರಂದು ಜಾರ್ಜಿಯದ ಸವಾನಾ ನಗರದಲ್ಲಿ 20 ಮಂದಿ ಕಪ್ಪು ಜನಾಂಗದ ಕ್ರೈಸ್ತ ನಾಯಕರು ಸೇನಾಧಿಪತಿ ಶರ್ಮನ್ನರನ್ನು ಭೇಟಿಯಾದರು. ಅವರ ಪರವಾಗಿ ಮಾತನಾಡಿದ ಬ್ಯಾಪ್ಟಿಸ್ಟ್ ಬೋಧಕ ಗ್ಯಾರಿಸನ್ ಫ್ರೇಜಿಯರ್, ಸ್ವಂತ ದುಡಿಮೆಯಿಂದ ಬದುಕಲು ಭೂಮಿ ಬೇಕೆಂದರು. ನಾಲ್ಕೇ ದಿನಗಳಲ್ಲಿ, ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆ ಮೀರದಂತೆ ಹಂಚುವ ಆದೇಶ ಹೊರಟಿತು. ಆದರೆ ಏಪ್ರಿಲ್‌ನಲ್ಲಿ ಲಿಂಕನ್ನರ ಹತ್ಯೆಯಾಯಿತು. ಅವರ ಸ್ಥಾನಕ್ಕೆ ಬಂದ ಆಂಡ್ರೂ ಜಾನ್ಸನ್ ಹಿಂದಿನ ಒಡೆಯರಿಗೆ ಕ್ಷಮಾದಾನವಿತ್ತು, ಆ ಭೂಮಿಯ ಬಹುಭಾಗವನ್ನು ಅವರಿಗೇ ಮರಳಿಸಿದರು. ವಾಷಿಂಗ್ಟನ್ನಿನಲ್ಲಿ 1862ರಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದಾಗ ಪರಿಹಾರಧನ ಪಡೆದವರೂ ಒಡೆಯರೇ ಎಂಬುದು ಇಲ್ಲಿ ಸ್ಮರಣೀಯ.

ಕಾನೂನಿನ ಸಾಧನೆ ಅಲ್ಪವಾಗಿರಲಿಲ್ಲ. ಸಂವಿಧಾನದ ಮೂರು ತಿದ್ದುಪಡಿಗಳು ಗುಲಾಮಗಿರಿಯನ್ನು ರದ್ದುಪಡಿಸಿ (1865), ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಸ್ಥಾಪಿಸಿ (1868), ಜನಾಂಗದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸಕೂಡದೆಂದು ಸಾರಿದವು (1870). ಸಭಾಪಾಲಕ ಹೈರಮ್ ರೆವಲ್ಸ್ 1870ರಲ್ಲಿ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ಜನಾಂಗದ ಸದಸ್ಯರಾದರು. ಆದರೆ ಭೂಮಿಯಿಲ್ಲದವನ ಮತವನ್ನು ಬೆದರಿಸಿ ಕಸಿಯುವುದು ಸುಲಭ. ಕು ಕ್ಲಕ್ಸ್ ಕ್ಲಾನ್ ಹಿಂಸೆಯಿಂದ ಅದನ್ನೇ ಮಾಡಿತು. ವಿವಾದಿತ ಚುನಾವಣೆಯ ಬಳಿಕ 1877ರಲ್ಲಿ ಅಧ್ಯಕ್ಷರಾದ ಹೇಯ್ಸ್ ದಕ್ಷಿಣ ರಾಜ್ಯಗಳಲ್ಲಿ ಉಳಿದಿದ್ದ ಸೇನಾ ರಕ್ಷಣೆಯನ್ನು ಹಿಂತೆಗೆದುಕೊಂಡರು. ಉತ್ತರ ಮತ್ತು ದಕ್ಷಿಣದ ಬಿಳಿಯರು ಪರಸ್ಪರ ರಾಜಿಯಾದರು. ಅದರ ಬೆಲೆ ತೆತ್ತವರು ಬಿಡುಗಡೆ ಹೊಂದಿದವರು.

ಸೋತವರಿಗೆ ಕರುಣೆ ತೋರುವುದು ತಪ್ಪೇ, ಕ್ಷಮೆ ಉಚಿತವಲ್ಲವೇ ಎಂಬ ಪ್ರಶ್ನೆ ಏಳಬಹುದು. ಕ್ಷಮೆ ಉಚಿತವೇ ಸರಿ. ಜಕ್ಕಾಯನು ಏನನ್ನೂ ಹಿಂದಿರುಗಿಸುವ ಮೊದಲೇ ಪ್ರಭು ಅವನ ಅತಿಥಿಯಾದರು. ಆದರೆ ಆ ಕೃಪೆ ಅವನಲ್ಲಿ ಫಲಿಸಿದ್ದು, ವಂಚಿತರಿಗೆ ನಾಲ್ಕರಷ್ಟು ಹಿಂದಿರುಗಿಸುವ ಸಂಕಲ್ಪವಾಗಿ. ಆದ್ದರಿಂದಲೇ ಧರ್ಮಸಭೆಯು ಪಾಪನಿವೇದನೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪ ಮತ್ತು ಅರಿಕೆಯೊಡನೆ ಪ್ರಾಯಶ್ಚಿತ್ತವನ್ನೂ ಸೇರಿಸಿದೆ. ಜಾನ್ಸನ್ನರ ಕ್ಷಮಾದಾನದಲ್ಲಿ ಈ ಮೂರನೆಯದು ಇರಲಿಲ್ಲ. ಅಷ್ಟೇ ಅಲ್ಲ, ಅನ್ಯಾಯಕ್ಕೊಳಗಾದವರ ಕೈಸೇರಿದ್ದನ್ನೂ ಅದು ಕಿತ್ತುಕೊಂಡಿತು.

ಸಂಧಾನದ ಸೇವೆ ಯಾಜಕರಾದ ನಮಗೆ ವಹಿಸಲ್ಪಟ್ಟಿದೆ. ಯಾವುದೇ ರಾಜಿಯನ್ನು ಆಶೀರ್ವದಿಸುವ ಮುನ್ನ, ಅನ್ಯಾಯಕ್ಕೊಳಗಾದವರು ಆ ಮಾತುಕತೆಯಲ್ಲಿ ಇದ್ದರೇ, ಅವರ ಕೈಗೆ ಏನು ಮರಳಿತು ಎಂದು ಕೇಳುವುದು ನಮ್ಮ ಕರ್ತವ್ಯ.