ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಬಂದರೆ

‘ಡಾಕ್ಟ್ರೇ, ಬ್ಲೀಚಿಂಗ್ ಪೌಡರ್ ಹಾಕಿದ ನೀರು ಕುಡಿದರೆ ಕ್ಯಾನ್ಸರ್ ಬರುತ್ತದಂತೆ, ಹೌದೇ? ನಲ್ಲಿ ನೀರು ಬಿಟ್ಟು ಬಾವಿ ನೀರನ್ನೇ ಕುಡಿಯಬಹುದೇ?’ ದವಾಖಾನೆಯಲ್ಲಿ ಆಗಾಗ ಕೇಳಿಬರುವ ಪ್ರಶ್ನೆಯಿದು. ನಿಮಗೂ ಈ ಸಂಶಯ ಇರಬಹುದು.

ಕಾಲರಾ, ಟೈಫಾಯಿಡ್‌ನಂತಹ ರೋಗಗಳ ಅಣುಗಳನ್ನು ಕ್ಲೋರಿನ್ ಕೊಲ್ಲುತ್ತದೆ. ಆದರೆ ನದಿ, ಕೆರೆಗಳ ನೀರಿನಲ್ಲಿ ಕೊಳೆತ ಎಲೆ, ಪಾಚಿಯ ಅಂಶವೂ ಕರಗಿರುತ್ತದೆ. ಅದರೊಂದಿಗೆ ಕ್ಲೋರಿನ್ ಬೆರೆತಾಗ ಕ್ಲೋರೋಫಾರ್ಮ್‌ನಂತಹ ಟ್ರೈಹ್ಯಾಲೋಮೀಥೇನ್‌ಗಳೂ ಹ್ಯಾಲೋಅಸಿಟಿಕ್ ಆಮ್ಲಗಳೂ ಹುಟ್ಟುತ್ತವೆ. 1974ರಲ್ಲಿ ನೆದರ್‌ಲ್ಯಾಂಡ್ಸ್‌ನ ರಸಾಯನತಜ್ಞ ಯೋಹಾನೆಸ್ ರೂಕ್ ಇದನ್ನು ವಿವರಿಸಿದರು. ಇವು ಹೆಚ್ಚಿರುವ ನೀರನ್ನು ಹಲವು ವರ್ಷ ಕುಡಿಯುವುದಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ಸಂಬಂಧವಿರಬಹುದೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅದು ಖಚಿತವಾಗಿ ಸಾಬೀತಾಗಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಕ್ಲೋರೋಫಾರ್ಮ್‌ಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿಯಿದೆ.

ಹಾಗೆಂದು ಕ್ಲೋರಿನ್ ಬಿಟ್ಟುಬಿಡಬೇಕೇ? ಖಂಡಿತ ಬೇಡ. ಕಲುಷಿತ ನೀರಿನಿಂದ ಬರುವ ವಾಂತಿಭೇದಿ ಎಳೆಯ ಮಗುವಿನ ಪ್ರಾಣವನ್ನು ಒಂದೆರಡು ದಿನದಲ್ಲೇ ಅಪಾಯಕ್ಕೆ ತಳ್ಳಬಲ್ಲದು. ಅದರ ಮುಂದೆ ಈ ರಾಸಾಯನಿಕಗಳ ಅಪಾಯ ತೀರಾ ಚಿಕ್ಕದು ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ನಲ್ಲಿಯಲ್ಲಿ ಬರುವ ಲಘು ವಾಸನೆ ಕ್ಲೋರಿನ್‌ನದು. ನೀರಿಗೆ ಇನ್ನೂ ರಕ್ಷಣೆ ಇದೆ ಎಂಬುದರ ಗುರುತು.

ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು:

* ಟ್ಯಾಂಕ್, ಸಂಪುಗಳನ್ನು ಕೆಲವು ತಿಂಗಳಿಗೊಮ್ಮೆ ತೊಳೆದು ಮುಚ್ಚಿಡಿ. ಕೆಸರು, ಪಾಚಿ ಕಡಿಮೆಯಾದಷ್ಟೂ ಈ ರಾಸಾಯನಿಕಗಳೂ ಕಡಿಮೆ.

* ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮೊದಲು ಬಿದ್ದ ಎಲೆ, ಕಸ ತೆಗೆಯಿರಿ. ಎಷ್ಟು ಹಾಕಬೇಕೆಂದು ಆರೋಗ್ಯ ಕಾರ್ಯಕರ್ತರನ್ನು ಕೇಳಿ. ಕೊಡದ ನೀರು ಕದಡಿದ್ದರೆ ತಿಳಿಯಾಗಲು ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ.

* ನೀರು ಕುದಿಸುವಾಗ ಪಾತ್ರೆಯ ಮುಚ್ಚಳ, ಅಡುಗೆಮನೆಯ ಕಿಟಕಿ ಎರಡೂ ತೆರೆದಿರಲಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದೆರಡು ನಿಮಿಷ ಕುದಿಸಿದರೆ ಕ್ಲೋರೋಫಾರ್ಮ್ ಬಹುಪಾಲು ಹಬೆಯೊಂದಿಗೆ ಹೋಗುತ್ತದೆ. ಹ್ಯಾಲೋಅಸಿಟಿಕ್ ಆಮ್ಲಗಳು ಹೀಗೆ ಹೋಗುವುದಿಲ್ಲ. ಆದ್ದರಿಂದ ಗಂಟೆಗಟ್ಟಲೆ ಕುದಿಸಿ ಬತ್ತಿಸಬೇಡಿ.

* ಕುದಿಸಿದ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ. ಅದಕ್ಕೆ ಕೈ ಅದ್ದಬೇಡಿ. ಮುಚ್ಚಿಟ್ಟು, ಹಿಡಿಯಿರುವ ಸೌಟಿನಿಂದ ತೆಗೆದು, ಅಂದೇ ಕುಡಿದು ಮುಗಿಸಿ.

* ಇದ್ದಿಲಿನ ಫಿಲ್ಟರ್ ಈ ರಾಸಾಯನಿಕಗಳನ್ನು ತಗ್ಗಿಸುತ್ತದೆ. ಅವಧಿ ಮುಗಿದ ಫಿಲ್ಟರಿನಲ್ಲಿ ರೋಗಾಣುಗಳೇ ಬೆಳೆಯಬಹುದು. ಸಮಯಕ್ಕೆ ಸರಿಯಾಗಿ ಬದಲಾಯಿಸಿ.

* ಬಿಸಿನೀರು ಸ್ನಾನ ಮಾಡುವಾಗ ಬಚ್ಚಲಿನ ಕಿಟಕಿ ತೆರೆದಿಡಿ. ಹಬೆಯ ಮೂಲಕವೂ ಕ್ಲೋರೋಫಾರ್ಮ್ ದೇಹ ಸೇರುತ್ತದೆ.

ನೀರಿನ ವಾಸನೆ ತೀರಾ ಗಾಢವಾಗಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಪಂಚಾಯತಿಗೋ ನಗರಸಭೆಗೋ ದೂರು ಕೊಟ್ಟು ಪರೀಕ್ಷೆ ಮಾಡಿಸಿ. ಹೆದರಿ ಶುದ್ಧೀಕರಿಸದ ನೀರಿನ ಕಡೆಗೆ ಮಾತ್ರ ಹೋಗಬೇಡಿ.